ಮೆಲ್ಲಮ್ಮನ ಪಾಳಿ

ಜೂನ್ 9

ಅಕ್ಕನಿಗೆ ನಮಸ್ಕಾರ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ನಿಲ್ಲುತ್ತೇವೆ. ಅಮ್ಮ ಹೋದ ಮೇಲೆ ಬಿಡಿಸುವವರೂ ಇಲ್ಲ. ಕಾಗದವಾದರೆ ನಾನು ಹೇಳುವುದನ್ನು ನೀನು ಕೊನೆಯವರೆಗೂ ಕೇಳಲೇಬೇಕು.

ಸುದ್ದಿ ಇದು. ಡ್ಯೂಟಿ ಪಟ್ಟಿ ತಯಾರಿಸಲು ನನ್ನ ಮೂರನೇ ವರ್ಷದ ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮನ್ನು ನಿಮ್ಮ ಆಸ್ಪತ್ರೆ ಒಪ್ಪಿಕೊಂಡಿದೆ. ಹದಿನಾಲ್ಕು ವಾರ್ಡಿಗೂ ಅದೇ. ಮುಂದಿನ ತಿಂಗಳಿನಿಂದ ನೀನು ಭಾನುವಾರ ಮಧ್ಯಾಹ್ನ ಪೆನ್ಸಿಲ್ಲು, ರಬ್ಬರು, ಸ್ಕೇಲು ಹಿಡಿದು ಯಾರಿಗೆ ಯಾವ ಪಾಳಿ ಎಂದು ಚೌಕ ತುಂಬುತ್ತಾ ಕೂರಬೇಕಾಗಿಲ್ಲ. ಹೆಡ್ ನರ್ಸ್ ಆದ ದಿನದಿಂದ ನಿನಗೆ ಭಾನುವಾರವೇ ಇರಲಿಲ್ಲ. ಕಳೆದ ವರ್ಷ ನಾಲ್ಕು ಜನ ಬಂದು ಎರಡು ಮಧ್ಯಾಹ್ನ ನಿನ್ನ ತಲೆ ತಿಂದು ಹೋದರಲ್ಲ, ಅವರದೇ ಕೆಲಸ ಇದು.

ನಾನು ಏನು ಪಾಠ ಮಾಡುತ್ತೇನೆ ಎಂದು ನೀನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೀಯ, ನಾನು ಬಾಯಿ ತೆರೆದ ಕೂಡಲೇ ಆಕಳಿಸುತ್ತೀಯ. ಈ ಸಲ ಆಕಳಿಸಿದರೂ ನನಗೆ ಕಾಣುವುದಿಲ್ಲ. ಪ್ರೋಗ್ರಾಮು ಬರೆಯುವುದು ಯಾರಿಗಾದರೂ ಬರುತ್ತದೆ. ಹತ್ತು ವರ್ಷ ಕಳೆದ ಮೇಲೆ ಬೇರೊಬ್ಬರು ಬಿಚ್ಚಿ ನೋಡಿ, ಬೈಯದೆ ತಿದ್ದುವ ಹಾಗೆ ಬರೆಯುವುದು ಕಷ್ಟ. ನಾನು ಕಲಿಸುವುದು ಅದನ್ನು. ಪ್ರೋಗ್ರಾಮಿನೊಳಗೆ ಪ್ರತಿಯೊಂದಕ್ಕೂ ಒಂದು ಅಚ್ಚು ಮಾಡಿಕೊಳ್ಳುತ್ತೇವೆ. ನೌಕರ ಎಂಬ ಅಚ್ಚು, ವಾರ್ಡ್ ಎಂಬ ಅಚ್ಚು. ಒಂದು ಅಚ್ಚಿನಿಂದ ಇನ್ನೊಂದನ್ನು ಹುಟ್ಟಿಸಬಹುದು. ಹುಟ್ಟಿದ್ದಕ್ಕೆ ತಾಯಿಯ ಗುಣವೆಲ್ಲ ತಾನಾಗಿ ಬರುತ್ತದೆ. ಅದಕ್ಕೇ ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ: ಇದು ನಿಜವಾಗಿಯೂ ಅದರ ಒಂದು ಬಗೆಯೇ? ಬಸ್ಸು ವಾಹನದ ಒಂದು ಬಗೆ, ಸರಿ. ಚಕ್ರ ವಾಹನದ ಬಗೆ ಅಲ್ಲ, ಭಾಗ. ಇಷ್ಟನ್ನು ತಲೆಗೆ ಹತ್ತಿಸಲು ನನಗೆ ಒಂದಿಡೀ ಸೆಮಿಸ್ಟರ್ ಬೇಕು.

ಕುಲಪತಿಗಳು ನಮ್ಮೆಲ್ಲರ ಜೊತೆ ಫೋಟೋ ತೆಗೆಸಿಕೊಂಡರು. ನಾನು ಎಂದಿನಂತೆ ಕಣ್ಣು ಮುಚ್ಚಿದ್ದೇನೆ.

ನಿನ್ನ ತಮ್ಮ,
ಮೇಷ್ಟ್ರು

ಜುಲೈ 14

ಮೇಷ್ಟ್ರಿಗೆ,

ಒಂದೇ ಸಲ ಆಕಳಿಸಿದೆ, ಚಕ್ರದ ಹತ್ತಿರ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕಳೆದ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಕಿಟಕಿಯ ಪರದೆಗಳನ್ನೆಲ್ಲ ಬಿಚ್ಚಿ ಒಗೆದೆ. ನರ್ಸುಗಳಿಗೂ ಖುಷಿ. ವಾರಕ್ಕೊಂದು ರಜೆ ಸರಿಯಾಗಿ ಬರುತ್ತಿದೆ, ಯಾರೂ ನನ್ನ ಹತ್ತಿರ ಬಂದು ಅವಳಿಗೆ ಮಾತ್ರ ಯಾಕೆ ಎಂದು ಮುಖ ಊದಿಸುವುದಿಲ್ಲ.

ತೊಂದರೆ ಇರುವುದು ಆಯಾಗಳಿಗೆ. ನಮ್ಮ ವಾರ್ಡಿನಲ್ಲಿ ಮೂವರು, ಅವರಲ್ಲಿ ಹಿರಿಯವಳು ಮೆಲ್ಲಮ್ಮ. ನಿನಗೆ ಅವಳ ಪರಿಚಯವಿಲ್ಲ. ನಮ್ಮದು ಹಾಸಿಗೆ ಹಿಡಿದವರ ವಾರ್ಡು, ಇಪ್ಪತ್ತೆರಡು ಹಾಸಿಗೆ. ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆ ಕೆಲಸ ಅವಳದು. ಎಂಬತ್ತು ಕಿಲೋ ತೂಗುವವರನ್ನೂ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಾ ಹೊರಳಿಸುತ್ತಾಳೆ. ಹಾಗೆ ಹೇಳುವುದು ರೋಗಿಗೋ ತನಗೋ ಗೊತ್ತಿಲ್ಲ. ಅದೇ ಅವಳ ಹೆಸರಾಯಿತು. ಗುತ್ತಿಗೆ ಏಜೆನ್ಸಿಯ ಮೂಲಕ ಬಂದು ಹತ್ತೊಂಬತ್ತು ವರ್ಷವಾಗಿದೆ. ನಮ್ಮ ವಾರ್ಡಿನಲ್ಲಿ ಬೆನ್ನುಹುಣ್ಣು ಕಡಿಮೆ ಎಂದು ದೊಡ್ಡ ಡಾಕ್ಟರು ಮೀಟಿಂಗಿನಲ್ಲಿ ನನ್ನನ್ನು ಹೊಗಳುತ್ತಾರೆ, ನಾನು ತೆಪ್ಪಗೆ ಹೊಗಳಿಸಿಕೊಳ್ಳುತ್ತೇನೆ.

ಈ ತಿಂಗಳು ಹದಿನಾಲ್ಕು ದಿನದಲ್ಲಿ ಅವಳಿಗೆ ಒಂದೂ ರಜೆ ಬಂದಿಲ್ಲ. ಏಳು ದಿನ ಬೆಳಗಿನ ಪಾಳಿ ಮುಗಿಯುತ್ತಿದ್ದಂತೆ ಮಧ್ಯಾಹ್ನದ ಪಾಳಿ, ಮರುದಿನ ಮತ್ತೆ ಬೆಳಗಿನದು. ಕೈಯಲ್ಲಿ ತಿದ್ದೋಣವೆಂದರೆ ಈಗ ವಾರ್ಡಿನವರಿಗೆ ಆ ಅಧಿಕಾರವಿಲ್ಲ. ಬೆರಳೊತ್ತುವ ಯಂತ್ರಕ್ಕೂ ಪಟ್ಟಿಗೂ ಸಂಬಂಧವಿದೆ. ಪಟ್ಟಿಯಲ್ಲಿದ್ದ ಹೊತ್ತಿಗೆ ಬೆರಳು ಬೀಳದಿದ್ದರೆ ಗೈರುಹಾಜರಿ. ಆಫೀಸಿಗೆ ಹೋಗಿ ಹೇಳಿದೆ. "ಕಂಪ್ಯೂಟರು ಹಾಕಿದ್ದು ಸಿಸ್ಟರ್, ಅದಕ್ಕೆ ಯಾರ ಮೇಲೂ ದ್ವೇಷ ಇರಲ್ಲ" ಎಂದರು. ದ್ವೇಷವಿದ್ದಿದ್ದರೆ ಕಾಲು ಹಿಡಿದಾದರೂ ಬಿಡಿಸಬಹುದಿತ್ತು. ಒಂದು ಸಲ ನೋಡು.

ಅಕ್ಕ

ಜುಲೈ 22

ಅಕ್ಕ,

ನೋಡಿದೆ. ಮಕ್ಕಳ ಕಡೆಯಿಂದ ಒಂದು ಸಣ್ಣ ತಪ್ಪಾಗಿದೆ. ವಾರದ ರಜೆ, ಪಾಳಿಗಳ ನಡುವಿನ ಬಿಡುವು ಇವೆಲ್ಲ ನೌಕರ ಎಂಬ ಅಚ್ಚಿನೊಳಗಿವೆ. ನರ್ಸು ಹುಟ್ಟಿರುವುದು ಅದರಿಂದ. ಆಯಾಳನ್ನು ಬೇರೊಂದು ಅಚ್ಚಿನಿಂದ ಹುಟ್ಟಿಸಿದ್ದಾರೆ. ಯಾವ ಅಚ್ಚು ಎನ್ನುವುದು ನಿನಗೆ ಬೇಡ, ನಮ್ಮ ಕಸುಬಿನ ವಿಷಯ.

ಒಂದು ವಾರದ ಕೆಲಸ ಅಷ್ಟೆ. ಆಕೆಗೆ ಸ್ವಲ್ಪ ಸುಧಾರಿಸಿಕೊಳ್ಳಲು ಹೇಳು.

ತಮ್ಮ

ಆಗಸ್ಟ್ 11

ತಮ್ಮ,

ನಿನ್ನ ಒಂದು ವಾರ ಮುಗಿದು ಎರಡು ವಾರವಾಯಿತು.

ಜುಲೈ ಕೊನೆಯಲ್ಲಿ ಮೆಲ್ಲಮ್ಮ ಬೆಳಗಿನ ಬಸ್ಸಿನಲ್ಲಿ ಕೂತಲ್ಲೇ ನಿದ್ದೆಹೋದಳು. ಎಚ್ಚರವಾದಾಗ ಬಸ್ಸು ಡಿಪೋದಲ್ಲಿತ್ತಂತೆ, ಸೀಟು ಗುಡಿಸುವವರು ಎಬ್ಬಿಸಿದರಂತೆ. ಎರಡು ಗಂಟೆ ತಡವಾಗಿ ಬಂದು ಬೆರಳೊತ್ತಿದಳು. ಯಂತ್ರ ತೆಗೆದುಕೊಳ್ಳಲಿಲ್ಲ, ಆದರೂ ಸಂಜೆಯವರೆಗೆ ಕೆಲಸ ಮಾಡಿ ಹೋದಳು. ಆಗಸ್ಟ್ ಆರಕ್ಕೆ ಜ್ವರ ಬಂದು ಏಳಲಾಗಲಿಲ್ಲ. ಎಂಟನೇ ತಾರೀಖಿನ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಗೇಟಿನಲ್ಲಿ ಕಾವಲುಗಾರ, ಹತ್ತು ವರ್ಷದಿಂದ ಅವಳ ಕೈಯ ಚಹಾ ಕುಡಿದವನು, "ಯಂತ್ರ ಒಳಗೆ ಬಿಡ್ತಿಲ್ಲಮ್ಮಾ, ನಾನೇನ್ ಮಾಡ್ಲಿ" ಎಂದು ತಲೆ ತಗ್ಗಿಸಿದನಂತೆ.

ಆಫೀಸಿನಲ್ಲಿ ಇನ್ನೊಂದು ಪಟ್ಟಿ ತೆಗೆಸಿ ನೋಡಿದೆ. ಒಂದು ಡ್ರಿಪ್ ಸ್ಟ್ಯಾಂಡು, ಎರಡು ಗಾಲಿಕುರ್ಚಿ, ಅವುಗಳ ಕೆಳಗೆ ಅವಳ ಹೆಸರು. "ಸರಬರಾಜುದಾರರಿಗೆ ಹಿಂತಿರುಗಿಸಲಾಗಿದೆ. ಕಾರಣ: ಎರಡು ಬಾರಿ ವಿಫಲ." ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ.

ಯಾವ ಅಚ್ಚು ಎನ್ನುವುದು ನನಗೆ ಬೇಡ ಎಂದಿದ್ದೆ. ಈಗ ಬೇಕು.

ಅಕ್ಕ

ಆಗಸ್ಟ್ 19

ಅಕ್ಕ,

ಮೂರು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಆ ನಾಲ್ವರ ತಂಡದಲ್ಲಿ ಒಬ್ಬಳು ಚುರುಕು ಹುಡುಗಿ, ಎಲ್ಲರೂ ಅವಳನ್ನು ಲೀಡರಮ್ಮ ಎನ್ನುತ್ತಿದ್ದರು. ನರ್ಸುಗಳ ಭಾಗವನ್ನು ಅಚ್ಚುಕಟ್ಟಾಗಿ ಮುಗಿಸಿದ್ದರು. ಒಪ್ಪಿಸಲು ಎರಡು ದಿನ ಇರುವಾಗ ಆಯಾಗಳನ್ನು ಮರೆತಿರುವುದು ನೆನಪಾಯಿತಂತೆ. ಆಯಾಗಳು ಆಸ್ಪತ್ರೆಯ ನೌಕರರಲ್ಲ, ಏಜೆನ್ಸಿಯಿಂದ ಬಂದವರು. ಅಂದರೆ ಒಬ್ಬ ಸರಬರಾಜುದಾರ ಇದ್ದಾನೆ, ಬಂದ ತಾರೀಖು ಇದೆ, ಹಿಂತಿರುಗಿಸುವ ತಾರೀಖು ಇದೆ, ಯಾವ ವಾರ್ಡಿಗೆ ಕೊಟ್ಟಿದೆ ಎಂಬುದು ಇದೆ. ಇಷ್ಟೂ ಇರುವ ಒಂದು ಅಚ್ಚು ಅವರ ಬಳಿ ಆಗಲೇ ಸಿದ್ಧವಾಗಿತ್ತು. ಅದರ ಹೆಸರು ಸಲಕರಣೆ. ಗಾಲಿಕುರ್ಚಿ, ಡ್ರಿಪ್ ಸ್ಟ್ಯಾಂಡು, ಸಿಲಿಂಡರು ಎಲ್ಲ ಹುಟ್ಟಿರುವುದು ಅದರಿಂದ. ಆಯಾಳನ್ನೂ ಅದರಿಂದಲೇ ಹುಟ್ಟಿಸಿದರು. ಎರಡು ಸಾಲಿಗೆ ಕೆಲಸ ಮುಗಿಯಿತು. ಸಲಕರಣೆಗೆ ದಣಿವಿಲ್ಲ, ರಜೆಯಿಲ್ಲ. ಎರಡು ಸಲ ಕೈಕೊಟ್ಟರೆ ವಾಪಸು.

ಇಲ್ಲಿಯವರೆಗೆ ಅವರ ತಪ್ಪು. ಮುಂದಿನದು ನನ್ನದು. ವೈವಾದಲ್ಲಿ ನಾನು ಅದನ್ನು ಕಂಡೆ. "ಇದೇನಮ್ಮಾ, ಆಯಾ ಒಂದು ಸಲಕರಣೆಯಾ?" ಎಂದು ಕೇಳಿದೆ. "ಸಾರ್, ಎಲ್ಲಾ ಹೊಂದುತ್ತೆ ಸಾರ್, ಚೆಕ್ ಮಾಡಿದೀವಿ" ಎಂದಳು. ನಾನು ನಕ್ಕೆ. ಅವರೂ ನಕ್ಕರು. ಆ ದಿನ ಅದು ಹದಿನೇಳನೆಯ ತಂಡ, ಹೊರಗೆ ಇನ್ನೂ ಐದು ತಂಡಗಳು ಗೋಡೆಗೊರಗಿ ಕಾಯುತ್ತಿದ್ದವು. "ಹೆಸರು ಚೆನ್ನಾಗಿಲ್ಲ, ಬದಲಾಯಿಸಿ" ಎಂದೆ. ಅಲ್ಲೇ ಕೂತು ಸಲಕರಣೆ ಎಂಬುದನ್ನು ಎಲ್ಲ ಕಡೆ ಸಂಪನ್ಮೂಲ ಎಂದು ಬದಲಾಯಿಸಿದರು. ಅರ್ಧ ನಿಮಿಷ ಹಿಡಿಯಿತು. ಐವತ್ತಕ್ಕೆ ನಲವತ್ತಾರು ಕೊಟ್ಟೆ. ಹೆಸರು ಹಾಗೆಯೇ ಉಳಿದಿದ್ದರೆ ಆಮೇಲೆ ನೋಡಿದವರು ಯಾರಾದರೂ ಬೆಚ್ಚಿಬೀಳುತ್ತಿದ್ದರು. ತಪ್ಪಿನ ಮೇಲೆ ಒಳ್ಳೆಯ ಹೊದಿಕೆ ಹೊದೆಸಿದವನು ನಾನು.

ಈಗ ತಿದ್ದಲು ನನ್ನ ಕೈಯಲ್ಲಿ ಏನೂ ಇಲ್ಲ. ನಮ್ಮ ವಿಭಾಗ ಪ್ರೋಗ್ರಾಮನ್ನು ಒಂದು ಕಂಪನಿಗೆ ಒಪ್ಪಿಸಿಬಿಟ್ಟಿದೆ. ಮುಟ್ಟುವ ಹಕ್ಕು ಅವರದು. ಅವರಿಗೆ ದಿನಕ್ಕೆರಡು ಸಲ ಫೋನು ಮಾಡಿದೆ. "ಟೆಸ್ಟೆಲ್ಲಾ ಪಾಸಾಗ್ತಿದೆಯಲ್ಲ ಸಾರ್, ಹಾಗಾಗಿ ಇದು ದೋಷ ಆಗಲ್ಲ. ಸುಧಾರಣೆ ಅಂತ ಬರ್ಕೋತೀವಿ, ಮುಂದಿನ ವರ್ಷದ ಲಿಸ್ಟಲ್ಲಿ ನೋಡೋಣ" ಎನ್ನುತ್ತಾರೆ. ಟೆಸ್ಟು ಎಂದರೆ ಪ್ರೋಗ್ರಾಮು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಬರೆಯುವ ಪುಟ್ಟ ಪುಟ್ಟ ಪ್ರೋಗ್ರಾಮುಗಳು. ಪಾಸಾದರೆ ಹಸಿರು ಗುರುತು. ಟೆಸ್ಟು ಜಾಸ್ತಿ ಬರೆದಷ್ಟೂ ಅಂಕ ಜಾಸ್ತಿ ಎಂಬ ನಿಯಮ ತಂದವನೂ ನಾನೇ. ಮಕ್ಕಳು ಏನು ಮಾಡುತ್ತಾರೆ, ಪ್ರೋಗ್ರಾಮು ಏನು ಮಾಡುತ್ತಿದೆಯೋ ಅದೇ ಸರಿ ಎಂದು ಬರೆದಿಟ್ಟು ಹಸಿರು ಎಣಿಸಿಕೊಳ್ಳುತ್ತಾರೆ. ಮುನ್ನೂರ ಹನ್ನೆರಡು ಟೆಸ್ಟುಗಳಿವೆ. ನಿನ್ನೆ ಕೂತು ಒಂದೊಂದಾಗಿ ಓದಿದೆ. ಇನ್ನೂರ ಏಳನೆಯದು ಹೀಗಿದೆ: ಆಯಾ ಎರಡು ಸಲ ಗೈರಾದರೆ ಹಿಂತಿರುಗಿಸಬೇಕು. ಅದರ ಮುಂದೆಯೂ ಹಸಿರು ಇದೆ.

ನನಗೆ ನಾಚಿಕೆಯಾಗಿದೆ, ಅಕ್ಕ.

ತಮ್ಮ

ಆಗಸ್ಟ್ 24

ನೀನು ನಕ್ಕೆ ಎಂಬಲ್ಲಿಗೆ ಬಂದು ಕಾಗದ ಕೆಳಗಿಟ್ಟೆ. ಉಳಿದದ್ದನ್ನು ಮರುದಿನ ಓದಿದೆ.

ಮೆಲ್ಲಮ್ಮ ಮನೆಗೆ ಬಂದಿದ್ದಳು. ಕೆಲಸ ಕೊಡಿಸಿ ಎಂದು ಕೇಳಲಿಲ್ಲ. "ನಾನೇನು ತಪ್ಪು ಮಾಡ್ದೆ ಅಂತ ಒಂದು ಕಾಗದದಲ್ಲಿ ಬರೆದುಕೊಡಿ ಸಿಸ್ಟರ್, ಮಗಳಿಗೆ ತೋರಿಸ್ಬೇಕು. ಕದ್ದೆ ಅಂದ್ಕೊಂಡಿದಾಳೆ" ಎಂದಳು. ಕೂರಿಸಿ ಊಟ ಬಡಿಸಿದೆ, ತಿಂದಳು, ತಟ್ಟೆ ತಾನೇ ತೊಳೆದಿಟ್ಟಳು.

ಬೆನ್ನುಹುಣ್ಣು ಶುರುವಾಗಿದೆ. ಮೂರನೇ ಹಾಸಿಗೆ, ಒಂಬತ್ತು, ಹದಿನಾರು.

ನೀನು ಖುದ್ದಾಗಿ ಬಂದು ಸೂಪರಿಂಟೆಂಡೆಂಟರ ಎದುರು ನಿಂತು ಹೇಳು. ಫೋನು, ಕಾಗದ ಬೇಡ.

ಅಕ್ಕ

ಸೆಪ್ಟೆಂಬರ್ 16

ಅಕ್ಕ,

ಸೂಪರಿಂಟೆಂಡೆಂಟರ ಕೋಣೆಯಲ್ಲಿ ನಡೆದದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿನಗೆ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಒಳ್ಳೆಯ ಮನುಷ್ಯ. ಗದರಿಸಿದ್ದರೆ ನನಗೆ ಸಲೀಸಾಗುತ್ತಿತ್ತು. ಚಹಾ ತರಿಸಿದರು, ಪೂರ್ತಿ ಕೇಳಿಸಿಕೊಂಡರು, ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿಟ್ಟರು. "ಗುಣಮಟ್ಟ ಪರಿಶೀಲಿಸಲಾಗಿದೆ" ಎಂಬ ಪ್ರಮಾಣಪತ್ರ. ಕೆಳಗೆ ನನ್ನ ಸಹಿ. ಹಾಕಿದ್ದು ನೆನಪೇ ಇರಲಿಲ್ಲ. ಫೋಟೋದ ದಿನ ಇರಬೇಕು, ಯಾರೋ ಹಾಳೆಗಳ ಕಟ್ಟು ಕೊಟ್ಟಿದ್ದರು.

"ಇದು ತಪ್ಪು ಅಂತ ಬರೆದುಕೊಡ್ತೀನಿ" ಎಂದೆ.

"ಕೊಡಿ. ಆದ್ರೆ ಒಂದು ಮಾತು ಮೇಷ್ಟ್ರೇ. ನೀವು ಬರೆದುಕೊಟ್ರೆ ನಾನು ಪ್ರೋಗ್ರಾಮ್ ನಿಲ್ಲಿಸ್ಬೇಕಾಗುತ್ತೆ. ಹದಿನಾಲ್ಕು ವಾರ್ಡೂ ಮತ್ತೆ ಪೆನ್ಸಿಲ್ಲಿಗೆ ಹೋಗುತ್ತೆ. ಅಷ್ಟಾದ್ಮೇಲೂ ಆ ಆಯಮ್ಮ ವಾಪಸ್ ಬರ್ತಾರಾ ಅಂದ್ರೆ, ಅದು ನನ್ನ ಕೈಲಿಲ್ಲ. ಅವರು ಏಜೆನ್ಸಿಯವರು. ಏಜೆನ್ಸಿಗೆ ಅವರು ವಾಪಸ್ ಬಂದವರು, ಅಷ್ಟೇ."

ನಾನು ಬರೆದುಕೊಟ್ಟೆ. ನಿನ್ನ ಭಾನುವಾರಗಳನ್ನೂ ಸೇರಿಸಿ ಬರೆದುಕೊಟ್ಟೆ ಎಂದುಕೊಂಡೆ. ನಾಲ್ಕನೇ ದಿನಕ್ಕೆ ನಮ್ಮ ವಿಭಾಗದ ಮುಖ್ಯಸ್ಥರು ಕರೆದು, ನನ್ನ ಪತ್ರದ ಮೇಲೆ ತಾವು ಬರೆದಿದ್ದನ್ನು ತೋರಿಸಿದರು: "ಇದು ಬರೆದವರ ಸ್ವಂತ ಅಭಿಪ್ರಾಯ, ವಿಭಾಗದ ಪ್ರಮಾಣಪತ್ರ ಹಾಗೆಯೇ ಇರುತ್ತದೆ." ಹೀಗೆ ಯಾವುದೂ ನಿಲ್ಲಲಿಲ್ಲ, ಯಾವುದೂ ಬದಲಾಗಲಿಲ್ಲ. ಲೀಡರಮ್ಮನಿಗೂ ಬರೆದಿದ್ದೆ. ಅವಳು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಎರಡೇ ಸಾಲಿನ ಉತ್ತರ ಬಂತು: "ಸಾರ್, ನೀವು ಹೆಸರು ಮಾತ್ರ ಬದಲಾಯಿಸಿ ಅಂದ್ರಿ. ಅಷ್ಟೇ ತಪ್ಪು ಅಂದ್ಕೊಂಡ್ವಿ."

ನಿನ್ನ ಮನೆಯಲ್ಲಿ ಮೆಲ್ಲಮ್ಮ ಸಿಕ್ಕಿದ್ದು ನಿನಗೆ ಗೊತ್ತು. ನೀನು ಒಳಗೆ ಹೋದಾಗ ಆಕೆ ಕೇಳಿದ್ದು ಗೊತ್ತಿಲ್ಲ. "ಪಟ್ಟಿ ಬರೆದೋರು ನೀವೇನಾ?" ಎಂದರು. "ಬರೆದವರಿಗೆ ಪಾಠ ಹೇಳಿಕೊಟ್ಟೋನು" ಎಂದೆ. "ಚೆನ್ನಾಗಿ ಹೇಳಿಕೊಡ್ತೀರಂತೆ, ಸಿಸ್ಟರು ಯಾವಾಗ್ಲೂ ಹೇಳೋರು" ಎಂದರು. ವ್ಯಂಗ್ಯವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆಗೆ ವ್ಯಂಗ್ಯ ಬರುವುದಿಲ್ಲ.

ಇಲ್ಲಿ ಹೊಸ ಸೆಮಿಸ್ಟರು ಶುರುವಾಗಿದೆ. ಮೊದಲ ದಿನ ಬೋರ್ಡಿನ ಮೇಲೆ ಅದೇ ಪ್ರಶ್ನೆ ಬರೆದು, ಈ ಕಥೆಯನ್ನೆಲ್ಲ ಹೇಳಿದೆ, ನಾನು ನಕ್ಕಿದ್ದನ್ನೂ ಬಿಡಲಿಲ್ಲ. ಅರವತ್ತೆಂಟು ಜನ ಗಪ್‌ಚಿಪ್ಪಾಗಿ ಕೇಳಿದರು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸಾರ್, ಸಂಪನ್ಮೂಲಕ್ಕೇ ವಾರದ ರಜೆ ಸೇರಿಸಿಬಿಟ್ರೆ ಆಯ್ತಲ್ಲ? ಒಂದೇ ಸಾಲು" ಎಂದ. "ಆಗ ಗಾಲಿಕುರ್ಚಿಗೂ ಭಾನುವಾರ ರಜೆ ಆಗುತ್ತಲ್ಲಪ್ಪಾ" ಎಂದೆ. ಇಡೀ ಕ್ಲಾಸು ನಕ್ಕಿತು. ನನಗೂ ನಗು ಬಂತು, ಬಂದೇಬಿಟ್ಟಿತು. ಡಸ್ಟರು ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿ, ಏನೂ ಬರೆಯದಿದ್ದ ಕಡೆ ಒರೆಸುತ್ತಾ ನಿಂತೆ. ಬೆಲ್ಲು ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ಇನ್ನೇನು ಮಾಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ನಿನಗೆ ಗೊತ್ತಿದ್ದರೆ ಬರೆ.

ತಮ್ಮ

ಅಕ್ಟೋಬರ್ 6

ತಮ್ಮ,

ನೀನು ಅತ್ತ ಹೋದ ಮೇಲೆ ಏಜೆನ್ಸಿಯವರು ಮೆಲ್ಲಮ್ಮನ ಜಾಗಕ್ಕೆ ಒಬ್ಬಳನ್ನು ಕಳಿಸಿದರು, ಒಂಬತ್ತೇ ದಿನಕ್ಕೆ ಬಿಟ್ಟುಹೋದಳು. ಇನ್ನೊಬ್ಬಳು ನಾಲ್ಕು ದಿನ. ಕೊನೆಗೆ ಅವರೇ ಬೇಸತ್ತು ಮೆಲ್ಲಮ್ಮನನ್ನೇ ಕರೆದು ಕಳಿಸಿದರು. ಹಳೆಯ ನಂಬರು ಮತ್ತೆ ತೆರೆಯುವುದಿಲ್ಲವಂತೆ. ಹೊಸ ನಂಬರು, ಹೊಸ ತಾರೀಖು. ಹತ್ತೊಂಬತ್ತು ವರ್ಷ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಆಫೀಸಿನವರು ಹೊಸ ನಂಬರಿನ ಚೀಟಿಯನ್ನು ನನ್ನ ಕೈಗಿಟ್ಟರು.

ಬಂದವರು ಒಳಗೆ ಬರಬೇಕಾದರೆ ವಾರ್ಡಿನ ಹೆಡ್ ನರ್ಸ್ ಪರೀಕ್ಷಿಸಿ ಸಹಿ ಹಾಕಬೇಕು. ಬಿಟ್ಟುಹೋದ ಆ ಇಬ್ಬರು ಬಂದಾಗ ಆಫೀಸಿನವರೇ ಹಾಕಿದ್ದರು. ಈ ಸಲ ನಾನೇ ಹಾಕುತ್ತೇನೆಂದು ಹಟ ಹಿಡಿದೆ. ಅದಕ್ಕೆ ಒಂದು ಕಾರಣವಿತ್ತು. ನಮ್ಮ ಗಾಲಿಕುರ್ಚಿಗಳನ್ನು ನೋಡಿಕೊಳ್ಳುವ ಸ್ಟೋರಿನವರ ಹತ್ತಿರ ಕೂತು ಎರಡು ಮಧ್ಯಾಹ್ನ ಎಲ್ಲ ಕೇಳಿ ತಿಳಿದುಕೊಂಡಿದ್ದೆ, ನಿನ್ನ ವಿದ್ಯಾರ್ಥಿಗಳು ನನ್ನ ತಲೆ ತಿಂದ ಹಾಗೆಯೇ. ಹೊಸ ಕುರ್ಚಿಯಾದರೆ ದಿನವೂ ಎಷ್ಟು ಬೇಕಾದರೂ ಬಳಸಬಹುದು. ಹಳೆಯ ಕುರ್ಚಿಯಾದರೆ ಎರಡು ಪಾಳಿ ಒಟ್ಟಿಗೆ ಬಳಸುವಂತಿಲ್ಲ, ವಾರಕ್ಕೊಂದು ದಿನ ತಪಾಸಣೆಗೆಂದು ಪಕ್ಕಕ್ಕಿಡಬೇಕು. ಆ ದಿನ ಪಟ್ಟಿಯಲ್ಲಿ ಹಾಕುವುದಿಲ್ಲ. ಅಚ್ಚು ಒಂದೇ ಆದ್ದರಿಂದ ಆಯಾಗಳಿಗೂ ಅದೇ ಲೆಕ್ಕ. ನಿನ್ನ ಮಕ್ಕಳು ಅದನ್ನು ಮಾತ್ರ ಬಹಳ ಚೆನ್ನಾಗಿ ಬರೆದಿದ್ದಾರೆ.

ಇವತ್ತು ಬೆಳಿಗ್ಗೆ ಅವಳು ಒಗೆದ ಸಮವಸ್ತ್ರ ಹಾಕಿಕೊಂಡು ನನ್ನ ಮೇಜಿನ ಪಕ್ಕದಲ್ಲಿ ನಿಂತಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಸ್ಥಿತಿ ಎಂದಿತ್ತು, ಕೆಳಗೆ ಮೂರು ಚೌಕ. ಹೊಸದು. ಹಳೆಯದು, ಸವೆದಿದೆ, ಆಗಾಗ ತಪಾಸಣೆ ಬೇಕು. ಕೆಲಸಕ್ಕೆ ಬಾರದು. ನಾನು ನಡುವಿನದನ್ನು ಒತ್ತಿದೆ. ಕೆಳಗೆ ನನ್ನ ಹೆಸರು ಟೈಪ್ ಮಾಡಿ ಸಹಿ ಹಾಕಿದೆ. ನೀನು ನಕ್ಕೆ ಎಂದು ನಿನ್ನ ಮೇಲೆ ಒಂದೂವರೆ ತಿಂಗಳಿನಿಂದ ಕೋಪ ಇಟ್ಟುಕೊಂಡಿದ್ದೆ. ನಾನು ನಗಲಿಲ್ಲ ಎನ್ನುವುದೊಂದೇ ಈಗ ವ್ಯತ್ಯಾಸ.

"ಏನಂತ ಬರೆದ್ರಿ ಸಿಸ್ಟರ್?" ಎಂದಳು.

"ವಾರಕ್ಕೊಂದು ರಜೆ ಸಿಗೋ ಹಾಗೆ ಬರೆದೆ" ಎಂದು ಪರದೆಯನ್ನು ತಿರುಗಿಸಲು ಹೋದೆ. ತಡವಾಗಿತ್ತು. ಅವಳು ಬಗ್ಗಿ, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಪದ ಓದುತ್ತಿದ್ದಳು.

ಓದಿ ಮುಗಿಸಿ, "ಸರಿಯಾಗೇ ಬರೆದಿದೀರಿ" ಎಂದಳು. ಆಮೇಲೆ ಸಮವಸ್ತ್ರದ ತೋಳು ಮೇಲಕ್ಕೆ ಮಡಚಿಕೊಂಡು ಮೂರನೇ ಹಾಸಿಗೆಯ ಕಡೆ ಹೋದಳು.

ಅಕ್ಕ